ಗಣಕಯಂತ್ರದ ಫ್ಯಾನು: ನಿಧಾನವಾಗಿ ತಿರುಗಬೇಕು, ಆದರೆ ನಿಲ್ಲಬಾರದು

ಗಣಕಯಂತ್ರದೊಳಗಿನ ಪುಟ್ಟ ಫ್ಯಾನು ಸದ್ದು ಮಾಡಿದರೆ ಕಿರಿಕಿರಿ. ಸದ್ದೇ ಇಲ್ಲದಿದ್ದರೆ ಅಪಾಯವೂ ಇರಬಹುದು. ಮೆಲ್ಲಗೆ ತಿರುಗುವ ಫ್ಯಾನಿಗೂ ನಿಂತೇ ಹೋದ ಫ್ಯಾನಿಗೂ ಇರುವ ವ್ಯತ್ಯಾಸ ಕಿವಿಗೆ ತಿಳಿಯುವುದಿಲ್ಲ. ವೇಗ ನಿಯಂತ್ರಣದ ನಿಜವಾದ ಸವಾಲು ಇರುವುದು ಇಲ್ಲಿಯೇ.

ವೇಗ ತಗ್ಗಿಸುವುದರಿಂದ ಲಾಭವಂತೂ ಉಂಟು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಬೀಸುವ ಗಾಳಿಯೂ ಅರ್ಧವಾಗುತ್ತದೆ. ಆದರೆ ಗಾಳಿಯನ್ನು ತಳ್ಳಲು ಬೇಕಾದ ಶಕ್ತಿ ಸುಮಾರು ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಸದ್ದು ಸುಮಾರು 15 ಡೆಸಿಬಲ್‌ಗಳಷ್ಟು ತಗ್ಗುತ್ತದೆ. ಪ್ರೊಸೆಸರ್ ತಣ್ಣಗಿರುವಾಗ ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸುವ ಅಗತ್ಯವಿಲ್ಲ.

ಹೊರಡುವುದೇ ಕಷ್ಟ

ಇಂತಹ ಫ್ಯಾನುಗಳು ಹೆಚ್ಚಾಗಿ 12 ವೋಲ್ಟ್ ಡಿ.ಸಿ. ವಿದ್ಯುತ್ತಿನಿಂದ ನಡೆಯುತ್ತವೆ. ವೋಲ್ಟೇಜ್ ಇಳಿಸಿದರೆ ವೇಗವೂ ಇಳಿಯುತ್ತದೆ. ಇದು ಹಳೆಯ ಹಾಗೂ ಸುಲಭದ ವಿಧಾನ. ಆದರೆ ಉರುಳುತ್ತಿರುವ ಗಾಡಿಗಿಂತ ನಿಂತ ಗಾಡಿಯನ್ನು ತಳ್ಳಲು ಹೆಚ್ಚು ಬಲ ಬೇಕಲ್ಲವೇ? ಫ್ಯಾನಿನ ಕಥೆಯೂ ಅದೇ. 5 ವೋಲ್ಟಿನಲ್ಲಿ ತಿರುಗುತ್ತಲೇ ಇರಬಲ್ಲ ಫ್ಯಾನು, ಅದೇ 5 ವೋಲ್ಟಿನಲ್ಲಿ ನಿಂತಲ್ಲಿಂದ ಹೊರಡದೇ ಇರಬಹುದು. ಧೂಳು ತುಂಬಿದಂತೆ, ಬೇರಿಂಗಿನ ಎಣ್ಣೆ ಒಣಗಿದಂತೆ ಈ ತೊಂದರೆ ಹೆಚ್ಚುತ್ತದೆ.

ಇದಕ್ಕೆ ಪರಿಹಾರ ಸರಳ. ಆರಂಭದ ಒಂದೆರಡು ಸೆಕೆಂಡು ಪೂರ್ಣ 12 ವೋಲ್ಟ್ ಕೊಟ್ಟು, ರೆಕ್ಕೆಗಳು ತಿರುಗತೊಡಗಿದ ಮೇಲೆ ವೇಗವನ್ನು ತಗ್ಗಿಸಬೇಕು.

ನಾಲ್ಕು ತಂತಿಗಳ ಕೆಲಸ

ಎರಡು ತಂತಿಗಳು ವಿದ್ಯುತ್ ಪೂರೈಸುತ್ತವೆ. ಮೂರನೆಯದು ವೇಗದ ವರದಿ ಒಪ್ಪಿಸುತ್ತದೆ. ಪ್ರತಿ ಸುತ್ತಿಗೆ ಸಾಮಾನ್ಯವಾಗಿ ಎರಡು ಸ್ಪಂದನಗಳು; ಸೆಕೆಂಡಿಗೆ 40 ಸ್ಪಂದನಗಳು ಬಂದರೆ ನಿಮಿಷಕ್ಕೆ 1200 ಸುತ್ತು ಎಂದರ್ಥ. ಸ್ಪಂದನ ನಿಂತರೆ ಮದರ್‌ಬೋರ್ಡ್ ಎಚ್ಚರಿಕೆ ನೀಡಬಲ್ಲದು.

ನಾಲ್ಕನೆಯದು ಆಜ್ಞೆಯ ತಂತಿ. ಇಲ್ಲಿ ಮೋಟಾರಿಗೆ 12 ವೋಲ್ಟ್ ಸದಾ ದೊರೆಯುತ್ತಿರುತ್ತದೆ. ಆಜ್ಞೆಯ ಸಂಕೇತ ಮಾತ್ರ ಸೆಕೆಂಡಿಗೆ ಸುಮಾರು 25 ಸಾವಿರ ಬಾರಿ ಹತ್ತಿ ಆರುತ್ತದೆ. ಹತ್ತಿರುವ ಅವಧಿ ಹೆಚ್ಚಿದಷ್ಟೂ ವೇಗ ಹೆಚ್ಚು. ಮನುಷ್ಯನ ಕಿವಿಯ ಮಿತಿ ಸುಮಾರು 20 ಸಾವಿರವಾದ್ದರಿಂದ ಈ ಮಿಡಿತ ನಮಗೆ ಕೇಳಿಸದು. ಈ ತಂತಿ ಕಳಚಿದರೆ ಫ್ಯಾನು ಪೂರ್ಣ ವೇಗದಲ್ಲಿ ತಿರುಗುವಂತೆ ವಿನ್ಯಾಸಗೊಳಿಸಲಾಗಿದೆ: ಸದ್ದಾದರೂ ಸರಿ, ಯಂತ್ರ ಸುಡಬಾರದು.

ಪರೀಕ್ಷಿಸುವುದು ಹೇಗೆ?

ರೆಸಿಸ್ಟರ್ ಜೋಡಿಸಿ ಅಥವಾ ಸೆಟ್ಟಿಂಗ್ ಬದಲಿಸಿ ವೇಗ ತಗ್ಗಿಸಿದವರು, ಫ್ಯಾನು ತಿರುಗುತ್ತಿದೆ ಎಂಬುದಷ್ಟಕ್ಕೇ ತೃಪ್ತರಾಗಬಾರದು. ಯಂತ್ರವನ್ನು ಆರಿಸಿ, ಫ್ಯಾನು ಪೂರ್ತಿ ನಿಂತ ಮೇಲೆ ಮತ್ತೆ ಚಾಲೂ ಮಾಡಿ ನೋಡಬೇಕು. ರೆಕ್ಕೆಗಳು ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲುವುದರಿಂದ ಹಲವು ಬಾರಿ ಪರೀಕ್ಷಿಸುವುದು ಒಳಿತು. ಒಮ್ಮೆಯಾದರೂ ತಡವರಿಸಿದರೆ ವೇಗವನ್ನು ಸ್ವಲ್ಪ ಏರಿಸಿಬಿಡಿ.