ಬಿಚ್ಚಿ ನೋಡದ ಕಟ್ಟಿನ ಬೆಲೆ

ಕೆಂಟಕಿಯ ಲೆಕ್ಸಿಂಗ್ಟನ್ ಪ್ರದೇಶ ಪಂದ್ಯದ ಕುದುರೆಗಳ ಸಾಕಣೆಗೆ ಹೆಸರಾದುದು. ಇಲ್ಲಿ ನನ್ನ ನೆರೆಯಾತ ಒಣಹುಲ್ಲು ಬೆಳೆದು ಮಾರುವ ರೈತ. ಕುದುರೆಯೊಡೆಯರು ದನದ ಮೇವಿಗಿಂತ ಹೆಚ್ಚಿನ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡುತ್ತಾರೆ. ಆದರೆ ಒಂದು ಕಟ್ಟನ್ನು ಬಿಚ್ಚಿ, ಬಣ್ಣ ನೋಡಿ, ಮೂಸಿ, ನಡುವೆ ಕೈಯಿಟ್ಟ ಮೇಲೆಯೇ ಕೊಳ್ಳುತ್ತಾರೆ.

ರಾಗಿಹುಲ್ಲಿನ ಬಣವೆ ಕಂಡು ಬೆಳೆದ ನನಗೆ ಇದು ಸಿರಿವಂತರ ಗೀಳೆನಿಸಿತ್ತು. ಆದರೆ ಕುದುರೆ ವಾಂತಿ ಮಾಡಲಾರದು. ಹೊಟ್ಟೆನೋವು ಅದರ ಪ್ರಾಣಕ್ಕೇ ಎರವಾಗಬಲ್ಲದು. ಬೂಷ್ಟಿನ ಧೂಳಿನಿಂದ ಅದಕ್ಕೆ ಉಬ್ಬಸ ಬರುತ್ತದೆ. ಅದೇ ಧೂಳು ರೈತನ ಶ್ವಾಸಕೋಶವನ್ನೂ ಕೆಡಿಸುತ್ತದೆ. ವೈದ್ಯರು ಅದನ್ನು 'ಫಾರ್ಮರ್ಸ್ ಲಂಗ್' ಎನ್ನುತ್ತೇವೆ. ತೇವಾಂಶ ಶೇಕಡಾ 20 ಮೀರಿದರೆ ಕಟ್ಟು ಬೂಷ್ಟು ಹಿಡಿಯುವ ಭಯ. ಇನ್ನೂ ಹಸಿಯಾಗಿದ್ದರೆ ಒಳಗೊಳಗೇ ಕಾದು ಉಗ್ರಾಣಕ್ಕೆ ಬೆಂಕಿ ಹತ್ತುವುದೂ ಉಂಟು.

ಕಳೆದ ಜೂನಿನಲ್ಲಿ, ಕೊಯ್ದು ಹರಡಿದ್ದ ಹುಲ್ಲು ಒಂದು ರಾತ್ರಿಯ ಮಳೆಗೆ ನೆನೆಯಿತು. ಮತ್ತೆ ಒಣಗಿಸಿ ಕಟ್ಟಿದಾಗ ಮೇಲ್ನೋಟಕ್ಕೆ ಕುಂದು ಕಾಣುತ್ತಿರಲಿಲ್ಲ. ಆದರೂ ಆತ ತಾನಾಗಿಯೇ ಗಿರಾಕಿಗೆ ಫೋನ್ ಮಾಡಿ ವಿಷಯ ತಿಳಿಸಿ, ಹುಲ್ಲನ್ನು ಅರ್ಧ ಬೆಲೆಗೆ ದನ ಸಾಕುವವರಿಗೆ ಮಾರಿದ.

"ನಷ್ಟವಾಯಿತಲ್ಲ?" ಎಂದೆ.

"ಡಾಕ್ಟರೇ, ಅವರು ಬಿಚ್ಚುವುದು ಒಂದೇ ಕಟ್ಟು. ಹೆಚ್ಚಿನ ಹಣ ಕೊಡುವುದು ಬಿಚ್ಚದ ಉಳಿದ ಕಟ್ಟುಗಳಿಗೆ."

ಇಲ್ಲಿಗೆ ಬರಲು ಬಯಸುವ ತರುಣರು ನನ್ನಲ್ಲಿ ಸಂಬಳದ ಮಾತೆತ್ತಿದಾಗಲೆಲ್ಲ ಈ ಉತ್ತರವನ್ನು ಹೇಳುತ್ತೇನೆ.