ಅಡುಗೆಮನೆಗೆ ಹೊಸ ಕಪಾಟು, ಹೊಸ ನೆಲ: ಬಡಗಿ ಬರುವ ಮೊದಲು

ಹಜಾರಕ್ಕೆ ಬಣ್ಣ ಬಳಿಸುವಾಗ ಮನೆಮಂದಿಯೆಲ್ಲ ಸಲಹೆ ಕೊಡುತ್ತಾರೆ. ಅಡುಗೆಮನೆಯ ಮಾತು ಬಂದರೆ ಮಾತ್ರ "ಅದಕ್ಕೇನಾಗಿದೆ, ನಡೀತಾ ಇದೆಯಲ್ಲ" ಎಂಬ ಉತ್ತರ! ಅದಕ್ಕೇನಾಗಿದೆ ಎಂಬುದು ದಿನಕ್ಕೆ ಐದಾರು ಗಂಟೆ ಅಲ್ಲಿ ನಿಲ್ಲುವವಳಿಗೆ ತಾನೇ ಗೊತ್ತು? ತೆರೆದ ಕಡಪ ಕಲ್ಲಿನ ಮೇಲಿನ ಡಬ್ಬಿಗಳಿಗೆಲ್ಲ ಎಣ್ಣೆಜಿಡ್ಡು, ಕಟ್ಟೆಯ ಕೆಳಗೆ ಜಿರಲೆ, ಸಂಜೆಯಾದರೆ ಸೊಂಟನೋವು. ಅಂತೂ ಚೀಟಿ ಹಣ ಕೈಗೆ ಬಂದು, "ಆಗಲಿ, ಮಾಡಿಸೋಣ" ಎಂದು ಯಜಮಾನರು ಒಪ್ಪಿದರೆನ್ನಿ. ಅಂಗಡಿಯ ಥಳಕಿಗೆ ಮರುಳಾಗುವ ಮುನ್ನ ಈ ಕೆಲವು ಸಂಗತಿಗಳನ್ನು ಗಮನಿಸಿ.

ಕಟ್ಟೆಯ ಎತ್ತರ

ಬಡಗಿಯಾಗಲಿ ಗಾರೆಯವನಾಗಲಿ ತನ್ನ ರೂಢಿಯ ಅಳತೆಯಲ್ಲೇ ಕಟ್ಟಿಬಿಡುತ್ತಾನೆ. ಅಡುಗೆ ಮಾಡುವವರು ನೀವು, ಅಳತೆ ನಿಮ್ಮದಾಗಬೇಕು. ನೆಟ್ಟಗೆ ನಿಂತು ಕೈ ಮಡಚಿ. ಮೊಣಕೈಗಿಂತ ಮೂರು ನಾಲ್ಕು ಇಂಚು ಕೆಳಗೆ ಕಟ್ಟೆ ಬಂದರೆ ಹೆಚ್ಚಲು, ಲಟ್ಟಿಸಲು ಸಲೀಸು. ನಮ್ಮ ಹೆಂಗಸರಿಗೆ ಸಾಮಾನ್ಯವಾಗಿ 32ರಿಂದ 34 ಇಂಚು ಒಗ್ಗುತ್ತದೆ. ಹಳೆಯ ನೆಲದ ಮೇಲೆಯೇ ಹೊಸ ಟೈಲ್ಸ್ ಹಾಕಿಸಿದರೆ ನೆಲ ಒಂದಿಂಚಿಗೂ ಹೆಚ್ಚು ಏರಬಹುದು, ಕಟ್ಟೆ ಅಷ್ಟೇ ತಗ್ಗುತ್ತದೆ. ಆದ್ದರಿಂದ ಎತ್ತರವನ್ನು ಹೊಸ ನೆಲದಿಂದಲೇ ಲೆಕ್ಕ ಹಾಕಿ.

ಹಲಗೆಯ ಒಳಗುಟ್ಟು

ಹೊರಗಿನಿಂದ ಎಲ್ಲ ಕಪಾಟುಗಳೂ ಒಂದೇ ತರಹ ಮಿರುಗುತ್ತವೆ. ನಾವು ಸನ್‌ಮೈಕಾ ಎಂದು ಕರೆಯುವ ಲ್ಯಾಮಿನೇಟ್ ಹಾಳೆ ಎಲ್ಲದರ ಮೇಲೂ ಇರುತ್ತದೆಯಲ್ಲ! ಅಂಟುರಾಳದಲ್ಲಿ ನೆನೆಸಿದ ಕಾಗದದ ಪದರಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ ಈ ಹಾಳೆ ಸುಲಭವಾಗಿ ನೀರು ಕುಡಿಯುವುದಿಲ್ಲ. ನೀರು ಕುಡಿಯುವುದು ಅದರ ಹಿಂದಿನ ಹಲಗೆ. ಮರದ ಚೂರುಗಳನ್ನು ಅಂಟಿನಿಂದ ಒತ್ತಿದ ಪಾರ್ಟಿಕಲ್ ಬೋರ್ಡ್ ಅಗ್ಗ, ನಿಜ. ಆದರೆ ಸಿಂಕಿನ ಕೆಳಗೆ ಪೈಪು ಸ್ವಲ್ಪ ತೊಟ್ಟಿಕ್ಕಿದರೂ ಹಪ್ಪಳದಂತೆ ಉಬ್ಬುತ್ತದೆ. ತಿರುಪುಮೊಳೆ ಹಿಡಿತ ಬಿಟ್ಟು ಬಾಗಿಲು ಜೋತುಬೀಳುತ್ತದೆ. ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ.

ಅಡುಗೆಮನೆಗೆ ಪ್ಲೈವುಡ್ಡೇ ವಾಸಿ. ಹಲಗೆಯ ಮೇಲೆ ಐ.ಎಸ್.ಐ. ಗುರುತಿನ ಜೊತೆ ಐ.ಎಸ್. 710 ಎಂಬ ಸಂಖ್ಯೆ ಇದೆಯೇ ನೋಡಿ. ಇದರ ಅಂಟು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟು ನೋಡುವ ಪರೀಕ್ಷೆಯಲ್ಲಿ ಗೆದ್ದಿರಬೇಕು. ಎಲ್ಲಕ್ಕೂ ಇದನ್ನೇ ಹಾಕಿಸಲು ಹಣ ಸಾಲದೇ? ಸಿಂಕಿನ ಕೆಳಗೂ ಕೆಳಗಿನ ಸಾಲಿಗೂ ಇದನ್ನು ಹಾಕಿಸಿ, ಗೋಡೆಯ ಮೇಲಿನ ಕಪಾಟುಗಳಿಗೆ ಕಡಿಮೆ ದರ್ಜೆಯ ಪ್ಲೈವುಡ್ ಸಾಕು. ಒಳಮೈ, ಹಿಂಬದಿ, ಕತ್ತರಿಸಿದ ಅಂಚು, ಇವೆಲ್ಲ ಮುಚ್ಚಿವೆಯೇ ಎಂದು ಕೈಯಾಡಿಸಿ ನೋಡಿ. ನೀರೂ ಗೆದ್ದಲೂ ನುಗ್ಗುವುದು ಅಲ್ಲಿಂದಲೇ. ನೆಲದಿಂದ ನಾಲ್ಕು ಇಂಚು ಕಲ್ಲಿನದೋ ಟೈಲ್ಸಿನದೋ ಪೀಠ ಕೊಟ್ಟು ಅದರ ಮೇಲೆ ಕಪಾಟು ಕೂರಿಸಿದರೆ ನೆಲ ತೊಳೆದ ನೀರು ಮರಕ್ಕೆ ತಾಕುವುದಿಲ್ಲ.

ನೆಲಕ್ಕೆ ಏನು?

ಮರದಂತೆ ಕಾಣುವ ಲ್ಯಾಮಿನೇಟ್ ನೆಲಹಾಸು ಈಗ ಸಣ್ಣ ಊರುಗಳ ಅಂಗಡಿಗೂ ಬಂದಿದೆ. 1977ರಲ್ಲಿ ಸ್ವೀಡನ್ನಿನ ಪೆರ್‌ಸ್ಟಾರ್ಪ್ ಕಂಪನಿ ಕಂಡುಹಿಡಿದದ್ದು ಇದು. ಮರದ ನಾರಿನ ಹಲಗೆ, ಅದರ ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದಕ್ಕೊಂದು ಗಟ್ಟಿ ಪಾರದರ್ಶಕ ಹೊದಿಕೆ. ನೋಡಲು ಬಲು ಚಂದ. ಆದರೆ ಒಣಬಟ್ಟೆಯಲ್ಲಿ ಒರೆಸುವ ಮನೆಗೆ ಹೇಳಿ ಮಾಡಿಸಿದ ನೆಲ ಅದು. ಬಕೆಟ್ ನೀರು ಸುರಿದು ತೊಳೆಯುವ ನಮ್ಮ ಅಡುಗೆಮನೆಗೆ ಅಲ್ಲ. ಸಂದುಗಳಲ್ಲಿ ನೀರು ನಿಂತರೆ ಅಂಚು ಏಳುತ್ತದೆ. ನೀರು ತಡೆಯುವ ಬಗೆಗಳೂ ಉಂಟು, ಆದರೆ ಚೆಲ್ಲಿದ ನೀರನ್ನು ಬೇಗ ಒರೆಸಲೇಬೇಕು.

ಅಡುಗೆಮನೆಗೆ ಜಾರದ ಟೈಲ್ಸೋ ಶಹಾಬಾದ್ ಕಲ್ಲೋ ಇರಲಿ. ಮರದ ಸೊಗಸು ಬೇಕೆನಿಸಿದರೆ ಮಲಗುವ ಕೋಣೆಗೆ ಹಾಕಿಸಿ. ಪಟ್ಟಿಗಳನ್ನು ಜೋಡಿಸುವ ಮುನ್ನ ಎರಡು ದಿನ ಅದೇ ಕೋಣೆಯಲ್ಲಿ ಇಡಬೇಕು. ಹವೆಗೆ ತಕ್ಕಂತೆ ಅವು ಹಿಗ್ಗಿ ಕುಗ್ಗುವುದರಿಂದ ಗೋಡೆಯ ಸುತ್ತ ಸುಮಾರು 8–10 ಮಿಲಿಮೀಟರ್ ಸಂದು ಬಿಡಬೇಕು. ಅದರ ಮೇಲೆ ಕಪಾಟನ್ನು ಬಿಗಿದು ನಿಲ್ಲಿಸಬಾರದು.

ಸಿಲಿಂಡರ್ ಮರೆಯಬೇಡಿ

ಚಂದ ಕಾಣಲೆಂದು ಸಿಲಿಂಡರನ್ನು ಕಪಾಟಿನೊಳಗೆ ಬಚ್ಚಿಡುವುದು ಈಗಿನ ರೂಢಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೇ ಮಡುಗಟ್ಟುತ್ತದೆ. ಆದ್ದರಿಂದ ಆ ಬಾಗಿಲಿನ ಬುಡದಲ್ಲಿ, ನೆಲದ ಮಟ್ಟದಲ್ಲೇ, ಗಾಳಿ ಆಡುವ ಜಾಲರಿ ಇರಲೇಬೇಕು. ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಲು ಕೈ ಹೋಗುವಷ್ಟು ಜಾಗವೂ ಬೇಕು.

ಯಾವುದರ ನಂತರ ಯಾವುದು?

ಮೊದಲು ನಲ್ಲಿ, ವಿದ್ಯುತ್ ಕೆಲಸ. ಒಂದು ದಿನವಿಡೀ ನೀರು ಬಿಟ್ಟು ಸೋರಿಕೆ ನೋಡಿ. ಆಮೇಲೆ ನೆಲ, ಗೋಡೆಯ ಟೈಲ್ಸ್. ಗಾರೆ ಚೆನ್ನಾಗಿ ಒಣಗಿದ ಮೇಲಷ್ಟೇ ಕಪಾಟಿನ ಅಳತೆ. ಚದರಡಿ ದರದಲ್ಲಿ ಕೀಲು, ಹಿಡಿ, ಡ್ರಾಯರ್ ಚಾನೆಲ್ ಸೇರಿವೆಯೇ ಎಂದು ಬರೆಸಿಕೊಳ್ಳಿ. ಡ್ರಾಯರಿಗೆ ತುಂಬಿದ ಡಬ್ಬಿಗಳನ್ನಿಟ್ಟು ಹತ್ತು ಸಲ ಎಳೆದು ನೋಡುವ ತನಕ ಕೊನೆಯ ಕಂತು ನಿಮ್ಮ ಕೈಯಲ್ಲೇ ಇರಲಿ.

ಅಲ್ಲಿಯವರೆಗೆ ಊಟ?

ಕೆಲಸ ಮುಗಿಯುವ ತನಕ ಒಲೆ ಹಜಾರದ ಮೂಲೆಗೆ ಹೋಗುತ್ತದೆ. ಮೊದಲೇ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಪುಳಿಯೋಗರೆ ಗೊಜ್ಜು ಮಾಡಿಟ್ಟುಕೊಳ್ಳಿ. ಉತ್ತರ ಕರ್ನಾಟಕದವರಾದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇದೆ. ಹಬ್ಬದ ತಿಂಗಳು ಬೇಡ.

ಎಲ್ಲ ಮುಗಿದು ಹೊಸ ಕಟ್ಟೆಯ ಮೇಲೆ ಹಾಲು ಉಕ್ಕಿಸುವ ದಿನ ಒಲೆಯ ಮುಂದೆ ಸುಮ್ಮನೆ ಒಂದು ಗಳಿಗೆ ನಿಂತು ನೋಡಿ. ಬೆನ್ನು ಬಾಗದೆ, ಹೆಗಲು ಏರದೆ ಕೈ ತಾನಾಗಿ ಪಾತ್ರೆಗೆ ಎಟುಕಿದರೆ, ನಿಮ್ಮ ಚೀಟಿ ಹಣ ಸಾರ್ಥಕವಾಯಿತು.