ಬಯಾಸ್ ಬದಲಾಯಿತು, ಕಂಪ್ಯೂಟರ್ ಏಳಲಿಲ್ಲ: ಮುಂದೇನು?



ಗುಂಡಿ ಒತ್ತಿದ ಕೂಡಲೇ ವಿಂಡೋಸ್ ಅಥವಾ ಲಿನಕ್ಸ್ ಕೆಲಸ ಆರಂಭಿಸುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದಕ್ಕೂ ಮೊದಲು ಇನ್ನೊಂದು ತಂತ್ರಾಂಶ ದುಡಿದಿರುತ್ತದೆ. ಆಗತಾನೇ ವಿದ್ಯುತ್ ದೊರೆತ ಪ್ರೊಸೆಸರ್‌ಗೆ ಮೆಮೊರಿ ಎಷ್ಟಿದೆ, ಡಿಸ್ಕ್ ಎಲ್ಲಿದೆ ಎಂಬುದೊಂದೂ ತಿಳಿದಿರುವುದಿಲ್ಲ. ಮೊದಲ ಆದೇಶವನ್ನು ಯಾವ ವಿಳಾಸದಿಂದ ಓದಬೇಕೆಂಬುದು ಮಾತ್ರ ಗೊತ್ತಿರುತ್ತದೆ. ಆ ವಿಳಾಸದಲ್ಲಿರುವುದು ಮದರ್‌ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್. ಅದರಲ್ಲಿ ಬರೆದಿಟ್ಟ ತಂತ್ರಾಂಶವೇ ಫರ್ಮ್‌ವೇರ್. 1981ರ ಐಬಿಎಂ ಪಿಸಿಯ ಕಾಲದಿಂದ ಅದನ್ನು ಬಯಾಸ್ ಎಂದು ಕರೆಯುವುದು ರೂಢಿ. ಇಂದಿನ ಯಂತ್ರಗಳಲ್ಲಿ ಅದರ ಜಾಗಕ್ಕೆ ಯುಇಎಫ್‌ಐ ಬಂದಿದೆ, ಹಳೆಯ ಹೆಸರು ಮಾತ್ರ ಉಳಿದುಕೊಂಡಿದೆ.

ಮೊದಮೊದಲು ಈ ತಂತ್ರಾಂಶವನ್ನು ಬದಲಿಸಬೇಕಾದರೆ ಚಿಪ್ಪನ್ನೇ ಕಿತ್ತು ಬೇರೆಯದನ್ನು ಕೂರಿಸಬೇಕಾಗಿತ್ತು. ಫ್ಲ್ಯಾಶ್ ಮೆಮೊರಿ ಬಂದ ಮೇಲೆ ಕುಳಿತಲ್ಲೇ ಅಳಿಸಿ ಬರೆಯುವುದು ಸಾಧ್ಯವಾಯಿತು. ಅನುಕೂಲದ ಜೊತೆಗೆ ಅಪಾಯವೂ ಬಂದಿತು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಹಲವು ಕಂಪ್ಯೂಟರುಗಳ ಬಯಾಸನ್ನು ಅಳಿಸಿಹಾಕಿದಾಗ ಅವು ಆರಂಭವಾಗಲೇ ಇಲ್ಲ. ಆದರೂ ಹೊಸ ಪ್ರೊಸೆಸರ್ ಹೊಂದಿಕೊಳ್ಳಲು, ಭದ್ರತೆಯ ಲೋಪ ಮುಚ್ಚಲು ಫರ್ಮ್‌ವೇರನ್ನು ನವೀಕರಿಸುವುದು ಕೆಲವೊಮ್ಮೆ ಅನಿವಾರ್ಯ.

ನವೀಕರಣದ ನಂತರ ಕಂಪ್ಯೂಟರ್ ಏಳದಿದ್ದರೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ಒಂದು, ನೀವು ಹಿಂದೆ ಮಾಡಿಕೊಂಡಿದ್ದ ಸೆಟ್ಟಿಂಗ್‌ಗಳು ಅಳಿಸಿಹೋಗಿ ಕಾರ್ಖಾನೆಯ ಮೂಲ ಸ್ಥಿತಿಗೆ ಮರಳಿರುತ್ತವೆ. ಎರಡು, ಹೊಸ ತಂತ್ರಾಂಶವು ಮೆಮೊರಿಯನ್ನು ಮತ್ತೆ ಮೊದಲಿನಿಂದ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ಮೂರು, ಬರೆಯುವಾಗ ವಿದ್ಯುತ್ ಹೋಗಿ ಅಥವಾ ತಪ್ಪು ಕಡತ ಬಳಸಿ ಚಿಪ್ಪಿನಲ್ಲಿನ ಬರಹವೇ ಕೆಟ್ಟಿರುತ್ತದೆ. ಮೊದಲ ಎರಡರಲ್ಲಿ ಯಾವ ಭಾಗವೂ ಹಾಳಾಗಿರುವುದಿಲ್ಲ. ಆದ್ದರಿಂದ ಯಂತ್ರ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಮೊದಲು ಗಮನಿಸಬೇಕು.

ಪರದೆ ಪೂರ್ತಿ ಕಪ್ಪಾಗಿದ್ದರೆ

ಫ್ಯಾನ್ ತಿರುಗುತ್ತಿದ್ದು ಪರದೆಯಲ್ಲಿ ಏನೂ ಕಾಣದಿದ್ದರೆ ಹದಿನೈದು ನಿಮಿಷ ಕಾಯಿರಿ. ಡಿಡಿಆರ್5 ಮೆಮೊರಿ ಇರುವ ಯಂತ್ರಗಳಲ್ಲಿ ಮೊದಲ ಹೊಂದಾಣಿಕೆಗೆ ಹಲವು ನಿಮಿಷ ಹಿಡಿಯಬಹುದು. ಆಗ ಗಾಬರಿಯಿಂದ ವಿದ್ಯುತ್ ನಿಲ್ಲಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಕಾದರೂ ಪ್ರಯೋಜನವಾಗದಿದ್ದರೆ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ ಹರಿದುಹೋಗುತ್ತದೆ. ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ, 3 ವೋಲ್ಟಿನ ಬ್ಯಾಟರಿ ಸೆಲ್ ಇರುತ್ತದೆ. ಅದನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಮೊದಲಿದ್ದಂತೆಯೇ ಕೂರಿಸಿ. ಸೆಟ್ಟಿಂಗ್ ಅಳಿಸಲು ಪ್ರತ್ಯೇಕ ಪಿನ್ ಅಥವಾ ಗುಂಡಿ ಇದೆಯೇ ಎಂಬುದನ್ನು ಕೈಪಿಡಿಯಲ್ಲಿ ನೋಡಿ. ಆಮೇಲೆ ಒಂದೇ ಮೆಮೊರಿ ಪಟ್ಟಿಯನ್ನು ಇರಿಸಿ ಆರಂಭಿಸಿ. ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೆ ಹೊಸ ಸೆಟ್ಟಿಂಗ್ ಒಗ್ಗದೆಯೂ ಪರದೆ ಕಪ್ಪಾಗಬಹುದು. ಪ್ರೊಸೆಸರ್‌ನಲ್ಲಿಯೇ ಗ್ರಾಫಿಕ್ಸ್ ಸೌಲಭ್ಯವಿದ್ದರೆ ಕಾರ್ಡ್ ತೆಗೆದು, ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗೆ ಜೋಡಿಸಿ ನೋಡಿ. ಪ್ರಯೋಗಶಾಲೆಯ ನಿಯಮವನ್ನು ಇಲ್ಲಿಯೂ ಪಾಲಿಸಿ: ಒಂದು ಸಲಕ್ಕೆ ಒಂದೇ ಬದಲಾವಣೆ. ಒಟ್ಟಿಗೆ ನಾಲ್ಕು ಬದಲಿಸಿದರೆ ಯಾವುದು ಫಲ ನೀಡಿತೆಂದು ತಿಳಿಯುವುದಿಲ್ಲ.

ಪರದೆ ಬಂದು, ವಿಂಡೋಸ್ ಬಾರದಿದ್ದರೆ

ತಯಾರಕರ ಲಾಂಛನ ಕಾಣಿಸಿತೆಂದರೆ ಫರ್ಮ್‌ವೇರ್ ಜೀವಂತವಾಗಿದೆ ಎಂದರ್ಥ. ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ಸೆಟ್ಟಿಂಗ್ ಪುಟಕ್ಕೆ ಹೋಗಿ ಮೂರು ವಿಷಯ ಪರಿಶೀಲಿಸಿ. ಡಿಸ್ಕ್ ಪಟ್ಟಿಯಲ್ಲಿ ಇದೆಯೇ? ಆರಂಭದ ಸಾಲಿನಲ್ಲಿ ಅದೇ ಮೊದಲಿದೆಯೇ? ಡಿಸ್ಕ್ ಮೋಡ್ ಹಿಂದಿನಂತೆಯೇ ಇದೆಯೇ? ರೇಯ್ಡ್ ಮೋಡ್‌ನಲ್ಲಿ ವಿಂಡೋಸ್ ಸ್ಥಾಪಿಸಿದ್ದು ಈಗ ಎಎಚ್‌ಸಿಐ ಆಗಿದ್ದರೆ ನೀಲಿ ಪರದೆ ಬಂದು ನಿಲ್ಲಬಹುದು. ಹಳೆಯ ಪದ್ಧತಿಯಲ್ಲಿ ಸ್ಥಾಪಿಸಿದ ವಿಂಡೋಸ್‌ಗೆ ಸಿಎಸ್‌ಎಂ ಎಂಬ ಆಯ್ಕೆ ಚಾಲನೆಯಲ್ಲಿರಬೇಕು.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆ. ವಿಂಡೋಸ್ ಬರಲಿಲ್ಲವೆಂದು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ. ಫರ್ಮ್‌ವೇರ್ ಇರುವ ಚಿಪ್ ಬೇರೆ, ನಿಮ್ಮ ಪ್ರಾಜೆಕ್ಟ್ ವರದಿ ಇರುವ ಡಿಸ್ಕ್ ಬೇರೆ. ಬಾಗಿಲ ಬೀಗ ಕೆಟ್ಟಿತೆಂದು ಮನೆಯ ಸಾಮಾನಿಗೆ ಬೆಂಕಿ ಹಚ್ಚುವವರುಂಟೇ?

ಪರದೆಯು 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳಿದರೂ ಹೆದರಬೇಕಿಲ್ಲ. ಡಿಸ್ಕ್ ಗೂಢಲಿಪಿಯಲ್ಲಿದ್ದಾಗ, ಫರ್ಮ್‌ವೇರ್ ಬದಲಾದುದನ್ನು ಕಂಡು ಯಂತ್ರವು ಮಾಲೀಕರು ನೀವೇ ಹೌದೇ ಎಂದು ವಿಚಾರಿಸುತ್ತಿದೆ, ಅಷ್ಟೇ. ಕೀಲಿಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಬೇರೊಂದು ಫೋನಿನಿಂದ ಹುಡುಕಬಹುದು. ಆದರೆ ಕೀಲಿ ಎಲ್ಲಿಯೂ ಉಳಿದಿರದಿದ್ದರೆ ಡಿಸ್ಕಿನ ಮಾಹಿತಿ ಕೈಗೆ ಸಿಗುವುದಿಲ್ಲ. ನವೀಕರಣಕ್ಕೆ ಮೊದಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಇದಕ್ಕಾಗಿಯೇ.

ಬರಹವೇ ಕೆಟ್ಟಿದ್ದರೆ

ಮೇಲಿನ ಯಾವುದೂ ಫಲಿಸದಿದ್ದಲ್ಲಿ ಚಿಪ್ಪಿನ ಬರಹ ಅರ್ಧಕ್ಕೆ ನಿಂತಿರುವ ಸಾಧ್ಯತೆಯಿದೆ. ಕೆಲವು ಮದರ್‌ಬೋರ್ಡುಗಳಲ್ಲಿ ಎರಡನೆಯ ಬಯಾಸ್ ಚಿಪ್ ಇರುತ್ತದೆ. ಇನ್ನು ಕೆಲವುಗಳ ಹಿಂಬದಿಯಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ಗುಂಡಿಯಿರುತ್ತದೆ. ಫ್ಯಾಟ್32 ಮಾದರಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ಗೆ ಸರಿಯಾದ ಕಡತವನ್ನು ಹಾಕಿ, ತಯಾರಕರು ಸೂಚಿಸಿದ ಹೆಸರನ್ನೇ ಕೊಟ್ಟು, ಆ ಗುಂಡಿ ಒತ್ತಿದರೆ ಚಿಪ್ಪನ್ನು ಮತ್ತೆ ಬರೆಯಬಹುದು. ಈ ಸೌಲಭ್ಯವಿಲ್ಲದಿದ್ದರೆ ರಿಪೇರಿ ತಿಳಿದವರು ಪ್ರೋಗ್ರಾಮರ್ ಎಂಬ ಸಣ್ಣ ಸಾಧನದಿಂದ ಚಿಪ್ಪಿಗೆ ನೇರವಾಗಿ ಬರೆಯಬಲ್ಲರು. ಬೋರ್ಡನ್ನು ಎಸೆಯುವ ಮಾತು ಆ ನಂತರದ್ದು.

ಮುನ್ನೆಚ್ಚರಿಕೆ

ಸಮಸ್ಯೆಯಿಲ್ಲದೆ ನಡೆಯುತ್ತಿರುವ ಯಂತ್ರಕ್ಕೆ ನವೀಕರಣ ಏಕೆ ಬೇಕೆಂದು ಮೊದಲು ಕೇಳಿಕೊಳ್ಳಿ. ಬೇಕೆಂದಾದರೆ ಬೋರ್ಡಿನ ಪೂರ್ಣ ಮಾದರಿ ಹೆಸರು ಮತ್ತು ಆವೃತ್ತಿ ಸಂಖ್ಯೆ ನೋಡಿ, ತಯಾರಕರು ಕೊಟ್ಟ ಕಡತವನ್ನೇ ಬಳಸಿ. ಮುಖ್ಯ ಕಡತಗಳ ಪ್ರತಿ ಬೇರೆಡೆ ಇರಲಿ. ಹಳೆಯ ಸೆಟ್ಟಿಂಗ್ ಪುಟಗಳ ಫೋಟೋ ತೆಗೆದಿಡಿ. ಕರೆಂಟ್ ಹೋಗಿ ಬರುವ ಊರಿನಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ದೂರದರ್ಶನ ಸ್ಟುಡಿಯೋದಲ್ಲಿ ನೇರ ಪ್ರಸಾರದ ದಿನ ಯಾವ ಯಂತ್ರದ ತಂತ್ರಾಂಶವನ್ನೂ ಬದಲಿಸಬಾರದೆಂಬುದು ಕೆಲಸಗಾರರ ವಿವೇಕ. ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ರಾತ್ರಿಗೂ ಅದೇ ವಿವೇಕ ಅನ್ವಯಿಸುತ್ತದೆ.